ಬೆಚ್ಚಿದ ಮೇಲೊಂದು ಚಿಟಿಕೆ

ಮೀನಿನ ಕೋಣೆಯ ಬೀರುವಿನಲ್ಲಿ ಮರದ ಮೀನೊಂದಿತ್ತು. ಮೊಳದುದ್ದ, ಹಸಿರುಗಪ್ಪು ಬಣ್ಣ, ತೆರೆದ ಬಾಯಿ, ಬಾಯಿ ತುಂಬ ಹಲ್ಲು. ಅಲ್ಲಿ ಮೀನು ನೋಡಿಕೊಳ್ಳುವ ಪುಕ್ಕಲ ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದ. ಅದನ್ನು ಪ್ರಯೋಗಕ್ಕೆಂದು ಕೆತ್ತಿದವನು ಅವನೇ, ಬಣ್ಣ ಬಳಿದವನು ಅವನೇ, ಬಣ್ಣ ಒಣಗಿದ ಮರುದಿನ ಬೀರು ತೆಗೆದು ‘ಅಯ್ಯಯ್ಯೋ’ ಎಂದು ಎರಡು ಹೆಜ್ಜೆ ಹಿಂದಕ್ಕೆ ಹಾರಿದವನೂ ಅವನೇ. ಅಂದಿನಿಂದ ದೊಡ್ಡಪ್ಪನಿಗೆ ಟವೆಲ್ ಹೊದಿಸಿ, ಮುಖವನ್ನು ಗೋಡೆಗೆ ತಿರುಗಿಸಿ ಇಡುತ್ತಿದ್ದ.

ಪುಕ್ಕಲ ಎಂಬುದು ಅಡ್ಡಹೆಸರೆಂದು ಬೇರೆ ಹೇಳಬೇಕಿಲ್ಲ. ಆರನೇ ವಯಸ್ಸಿನಲ್ಲಿ ಓಣಿಯ ಮಕ್ಕಳು ಇಟ್ಟದ್ದು, ಮೂವತ್ತನಾಲ್ಕಾದರೂ ಬಿಟ್ಟುಹೋಗಿರಲಿಲ್ಲ. ಆಳನ್ನು ಕಂಡರೆ ಯಾರೂ ನಂಬುವುದಿಲ್ಲ. ಆರಡಿ ಎತ್ತರ, ಪೊದೆ ಮೀಸೆ, ನೀರಿರುವ ಗಾಜಿನ ತೊಟ್ಟಿಯನ್ನು ಒಬ್ಬನೇ ಎತ್ತಿ ಪಕ್ಕದ ಮೇಜಿಗಿಡುವ ತೋಳು. ಅಂಥವನು ಬಲೂನು ಒಡೆದರೆ ಬೆಚ್ಚುತ್ತಿದ್ದ, ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದ, ಯಾರಾದರೂ ಹಿಂದಿನಿಂದ ಬಂದು ಗಂಟೆ ಎಷ್ಟಾಯಿತೆಂದು ಕೇಳಿದರೂ ಬೆಚ್ಚುತ್ತಿದ್ದ. ಲಿಫ್ಟ್ ಹತ್ತುತ್ತಿರಲಿಲ್ಲ. ಬೀದಿನಾಯಿ ಗೊರಕೆ ಹೊಡೆಯುತ್ತ ಮಲಗಿದ್ದರೂ ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಿದ್ದ. ನಾಯಿಗೆ ಅದರ ನಿದ್ದೆಯೇ ಮುಖ್ಯ ಎಂದು ಅವನಿಗೆ ತಿಳಿಸಿ ಹೇಳುವವರು ಯಾರು?

ಇದು ಅವನ ಸ್ವಂತ ಸಂಪಾದನೆಯಲ್ಲ, ತಂದೆಯಿಂದ ಬಂದದ್ದು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಇಡೀ ದಿನ ಅಲಾರಂಗಳ ನಡುವೆ ಕೂತು, ಒಂದೊಂದು ಅಲಾರಂ ಹೊಡೆದಾಗಲೂ ಸ್ಟೂಲಿನಿಂದ ಗೇಣುದ್ದ ಮೇಲೇಳುತ್ತಿದ್ದವರು. ತಾವೇ ಕೀಲಿ ಕೊಟ್ಟು, ತಾವೇ ಮುಳ್ಳು ತಿರುಗಿಸಿಟ್ಟ ಅಲಾರಂ! ಅಂಗಡಿಯ ಮೂಲೆಯಲ್ಲಿ ಆಡುತ್ತಿದ್ದ ಮಗನೂ ಅವರ ಜತೆಗೇ ಬೆಚ್ಚುತ್ತಿದ್ದ. ಆಮೇಲೆ ಅಪ್ಪ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಒಂದು ಚಿಟಿಕೆ ಸಕ್ಕರೆಯನ್ನು ಮಗನ ನಾಲಿಗೆಯ ಮೇಲಿಟ್ಟು, ಇನ್ನೊಂದು ಚಿಟಿಕೆಯನ್ನು ತಮ್ಮ ಬಾಯಿಗೆ ಹಾಕಿಕೊಂಡು, “ಆಯ್ತು ಮಗಾ, ಹೋಯ್ತು” ಎಂದು ಮತ್ತೆ ಭೂತಗನ್ನಡಿಯನ್ನು ಕಣ್ಣಿಗೆ ಏರಿಸುತ್ತಿದ್ದರು. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಅವರ ಬೆಚ್ಚುವಿಕೆ ಮಾತ್ರ ಮಗನಲ್ಲಿ ಗಟ್ಟಿಮುಟ್ಟಾಗಿ ಉಳಿದಿತ್ತು.

ಹೆಂಡತಿ ಇದಕ್ಕೆ ತದ್ವಿರುದ್ಧ. ಸಿಟಿ ಬಸ್ಸಿನ ಡ್ರೈವರ್. ಎರಡೂ ಕಡೆ ಕಾರು ನಿಲ್ಲಿಸಿದ ಕಿರುಬೀದಿಯಲ್ಲಿ ಇಡೀ ಬಸ್ಸನ್ನು ರಿವರ್ಸ್ ತೆಗೆದು, ಕಿಟಕಿಯಿಂದ ತಲೆ ಹೊರಹಾಕಿ ಯಾರಿಗೋ ನಾಲ್ಕು ಮಾತು ಬೈದು, ಮತ್ತೆ ಹಾಡು ಗುನುಗುತ್ತ ಹೊರಡುವವಳು. ಅವರಿಬ್ಬರ ಪರಿಚಯವಾದದ್ದೂ ಬಸ್ಸಿನಲ್ಲೇ. ಅವಳ ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದ ಈ ದೈತ್ಯನನ್ನು ಕೊನೆಯ ನಿಲ್ದಾಣದಲ್ಲಿ ತಟ್ಟಿ, “ರೀ, ಬದುಕಿದೀರಾ?” ಎಂದು ಕೇಳಿದ್ದಳು. ಅವನು ಬೆಚ್ಚಿ ಎದ್ದು ತಲೆಯನ್ನು ಕಂಬಿಗೆ ಹೊಡೆದುಕೊಂಡ. ಅವಳು ಅಷ್ಟು ನಕ್ಕದ್ದು ಅದೇ ಮೊದಲು, ಅವನು ಅಷ್ಟು ಬೇಗ ಯಾರನ್ನೋ ಮೆಚ್ಚಿದ್ದೂ ಅದೇ ಮೊದಲು.

ಕಥೆ ಶುರುವಾಗುವ ಬೆಳಗ್ಗೆ, ಆ ಹೆಂಡತಿ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಲೇ, “ನೀವು ಅಪ್ಪ ಆಗ್ತಿದೀರಿ, ಬೆಚ್ಚಬೇಡಿ” ಎಂದಳು. ಅವನು ಬೆಚ್ಚಿದ. ಆಮೇಲೆ ಅವಳನ್ನು ಎತ್ತಿಕೊಂಡು ಅಡುಗೆಮನೆಯಿಡೀ ಒಂದು ಸುತ್ತು ಹಾಕಿದ. ಒಲೆಯ ಮುಂದಿದ್ದ ಅವನ ತಾಯಿ, “ಇಳಿಸೋ ಅವಳನ್ನ, ಹಾಲು ಉಕ್ಕುತ್ತೆ” ಎಂದು ಗದರಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಸಂತೋಷವನ್ನೇ ಹೊತ್ತುಕೊಂಡು ಅವನು ಕೆಲಸಕ್ಕೆ ಬಂದ. ಅವನು ಮೀನು ನೋಡಿಕೊಳ್ಳುತ್ತಿದ್ದುದು ಒಂದು ಸಂಶೋಧನಾ ಕೇಂದ್ರದಲ್ಲಿ. ನಲವತ್ತು ಗಾಜಿನ ತೊಟ್ಟಿಗಳು. ಪೈಪಿನಿಂದ ತಳದ ಕಸ ಎಳೆಯುವುದು, ಗಾಜಿನ ಪಾಚಿ ಉಜ್ಜುವುದು, ನೀರಿನ ಬಿಸಿ ನೋಡಿ ಬರೆಯುವುದು, ಮಂಜುಗಡ್ಡೆಯಾದ ಕೆಂಪು ಹುಳುಗಳನ್ನು ಕರಗಿಸಿ ಬೆಳಗ್ಗೆ ಎಂಟಕ್ಕೆ ಅಳತೆಯಂತೆ ಹಾಕುವುದು. ಆ ಕೋಣೆಯ ಒಡತಿ, ಅಂದರೆ ವಿಜ್ಞಾನಿ ಮೇಡಂ, ಗಿಡ್ಡನೆಯ ಹೆಂಗಸು. ಕಿವಿಯ ಹಿಂದೆ ಯಾವಾಗಲೂ ಪೆನ್ಸಿಲ್, ನಕ್ಕರೆ ಮೂರು ಕೋಣೆಗೆ ಕೇಳುವ ನಗು. ಅವತ್ತು ಮೇಡಂ ಹೊಸ ಪ್ರಯೋಗದ ವಿಷಯ ಹೇಳಿದರು.

“ನೋಡಿ ಇವ್ರೇ, ನಮ್ಮ ಈ ಮೀನಲ್ಲಿ ಅಮ್ಮ ಮೊಟ್ಟೆ ಇಟ್ಟು ಹೊರಟುಬಿಡ್ತಾಳೆ. ಗೂಡು ಕಟ್ಟೋದು, ಕಾಯೋದು, ರೆಕ್ಕೆ ಬೀಸಿ ಮೊಟ್ಟೆಗೆ ಗಾಳಿ ಕೊಡೋದು ಎಲ್ಲಾ ಅಪ್ಪನೇ. ಮೊಟ್ಟೆ ಕಾಯ್ತಿರೋ ಇಪ್ಪತ್ತು ಅಪ್ಪಂದಿರಿಗೆ ದಿನಾ ಹನ್ನೊಂದು ಗಂಟೆಗೆ ನಿಮ್ಮ ದೊಡ್ಡಪ್ಪನ್ನ ಅರ್ಧ ನಿಮಿಷ ತೋರಿಸಿ ಹೆದರಿಸ್ತೀವಿ. ಉಳಿದ ಇಪ್ಪತ್ತಕ್ಕೆ ಏನೂ ತೋರಿಸಲ್ಲ. ಮರಿ ಹುಟ್ಟಿದ ಕೂಡ್ಲೇ ಬೇರೆ ಮಾಡಿ ಬೆಳೆಸಿ, ಆರು ತಿಂಗಳಾದ ಮೇಲೆ ನೋಡೋಣ.”

“ಏನು ನೋಡೋದು ಮೇಡಂ?”

“ಹೆದರಿದ ಅಪ್ಪನ ಮಕ್ಕಳು ಹೆದರುಪುಕ್ಕಲು ಆಗ್ತಾರಾ ಅಂತ.”

ಪುಕ್ಕಲನ ಕೈಯಲ್ಲಿದ್ದ ಬಲೆ ಜಾರಿ ಬಕೆಟ್ಟಿಗೆ ಬಿತ್ತು. ಮೇಡಂ ತಮ್ಮ ಉತ್ಸಾಹದಲ್ಲೇ ಇದ್ದರು. “ಮೀನೊಂದೇ ಅಲ್ಲ ಕಣ್ರೀ. ಸಂಜೆಯಾದ್ರೆ ಕಿರ್ರ್ ಅನ್ನೋ ಹುಳ ಇದೆಯಲ್ಲ, ಅದರ ತಾಯಿ ಜೇಡಕ್ಕೆ ಹೆದರಿದ್ರೆ, ಜೇಡಾನೇ ನೋಡಿರದ ಮರಿಗಳೂ ಜೇಡದ ವಾಸನೆಗೆ ಅಲ್ಲಾಡದೆ ನಿಂತುಬಿಡ್ತವೆ. ಮೂಲಂಗಿ ಜಾತಿ ಗಿಡಾನ ಹುಳ ತಿಂದ್ರೆ, ಅದರ ಬೀಜದ ಗಿಡ ಹುಟ್ಟುವಾಗ್ಲೇ ಹುಷಾರಾಗಿರುತ್ತೆ. ಅಪ್ಪ ಅಮ್ಮ ಉಂಡದ್ದು, ಕಂಡದ್ದು, ಹೆದರಿದ್ದು ಎಷ್ಟೋ ಸಲ ಮಕ್ಕಳಿಗೂ ಸ್ವಲ್ಪ ಹೋಗುತ್ತೆ.”

ಅವನಿಗೆ ಆಮೇಲಿನ ಮಾತು ಕೇಳಿಸಲಿಲ್ಲ. ಹುಟ್ಟಲಿರುವ ಮಗು ಬೀದಿನಾಯಿಗೆ ಹೆದರಿ ರಸ್ತೆ ದಾಟುವುದು, ಬಲೂನಿಗೆ ಹೆದರಿ ಗೆಳೆಯರ ಮನೆಯಿಂದ ಓಡಿಬರುವುದು, ಓಣಿಯ ಮಕ್ಕಳು ‘ಪುಕ್ಕಲನ ಮಗು ಪುಕ್ಕಲು’ ಎಂದು ಕೂಗುವುದು ಎಲ್ಲವೂ ಅವನ ಕಣ್ಣಿಗೆ ಕಟ್ಟಿತು. ತನಗಾದದ್ದು ಆಯಿತು, ಮಗುವಿಗೆ ಆಗಬಾರದು ಎಂದು ಅವನು ಅವತ್ತೇ ನಿರ್ಧರಿಸಿದ.

ನಿರ್ಧಾರವೇನೋ ದೊಡ್ಡದು, ಜಾರಿಗೆ ತಂದ ಬಗೆ ಮಾತ್ರ ನಗೆಪಾಟಲು. ಇನ್ನು ಒಂಬತ್ತು ತಿಂಗಳು ಬೆಚ್ಚುವುದೇ ಇಲ್ಲ ಎಂದು ಕಿವಿಗೆ ಹತ್ತಿ ಇಟ್ಟುಕೊಂಡ. ಕುಕ್ಕರನ್ನು ಅಟ್ಟಕ್ಕೆ ಏರಿಸಿದ. ಕರೆಗಂಟೆಯ ತಂತಿ ಕಿತ್ತ. ಕರೆಗಂಟೆ ಇಲ್ಲವೆಂದು ಬಂದವರೆಲ್ಲ ಬಾಗಿಲು ಧಡಧಡ ಬಡಿಯತೊಡಗಿದ್ದರಿಂದ ಮೊದಲಿಗಿಂತ ಎರಡರಷ್ಟು ಬೆಚ್ಚಿದ.

“ರೀ, ಮಗು ಇರೋದು ನನ್ನ ಹೊಟ್ಟೇಲಿ. ನೀವ್ಯಾಕೆ ಕಿವಿಗೆ ಹತ್ತಿ ಇಟ್ಕೊಂಡಿದೀರಿ?” ಎಂದಳು ಹೆಂಡತಿ.

ಅವನು ಮೀನಿನ ಕಥೆಯೆಲ್ಲ ಹೇಳಿದ. ಅವಳು ಪೂರ್ತಿ ಕೇಳಿ, “ಅಮ್ಮ ಮೊಟ್ಟೆ ಇಟ್ಟು ಹೊರಟುಬಿಡ್ತಾಳಾ? ಒಳ್ಳೇ ಪದ್ಧತಿ. ನಾನೂ ಹೆತ್ತು ಕೊಟ್ಟು ಬಸ್ಸಿಗೆ ಹೋಗ್ತೀನಿ” ಎಂದಳು.

“ತಮಾಷೆ ಅಲ್ಲ ಕಣೇ. ನನ್ನ ಹಾಗೆ ಆಗದಿದ್ರೆ ಸಾಕು.”

ತಾಯಿ ಬಟ್ಟೆ ಮಡಿಸುತ್ತಿದ್ದವರು ತಲೆಯೆತ್ತಿದರು. “ನೀನು ಹುಟ್ಟೋ ಮುಂಚೆ ನಿಮ್ಮಪ್ಪನೂ ಇದೇ ಮಾತು ಹೇಳ್ತಿದ್ರು. ಅಕ್ಷರ ಅಕ್ಷರ ಇದೇ.”

ಅಪ್ಪನ ಆಸೆ ಏನಾಯಿತು ಎಂಬುದಕ್ಕೆ ಮಗನೇ ಸಾಕ್ಷಿಯಾಗಿ ಅಲ್ಲಿ ಕೂತಿದ್ದ. ಅವನು ಮತ್ತಷ್ಟು ಕುಗ್ಗಿದ.

ಪ್ರಯೋಗ ಶುರುವಾಯಿತು. ಮೊದಲ ದಿನ ಹನ್ನೊಂದಕ್ಕೆ ಅವನು ಟವೆಲ್ ಸರಿಸಿ, ದೊಡ್ಡಪ್ಪನನ್ನು ದಾರದಿಂದ ಏಳನೇ ತೊಟ್ಟಿಗೆ ಇಳಿಸಿದ. ಒಳಗಿದ್ದ ಅಪ್ಪ ಬೆರಳುದ್ದದ ಮೀನು, ಬೆನ್ನ ಮೇಲೆ ಮೂರು ಮುಳ್ಳು. ಗಿಡದ ನಾರಿನಿಂದ ತಾನೇ ನೇಯ್ದ ಗೂಡಿನ ಬಾಗಿಲಲ್ಲಿ ನಿಂತು ಎದೆಯ ರೆಕ್ಕೆ ಬೀಸುತ್ತಿತ್ತು. ದೊಡ್ಡಪ್ಪನ ನೆರಳು ಬಿದ್ದದ್ದೇ ತಡ, ಅದರ ಮೈಯ ಕೆಂಪೆಲ್ಲ ಇಳಿದುಹೋಯಿತು, ಮುಳ್ಳು ಮೂರೂ ನೆಟ್ಟಗೆ ನಿಂತವು, ಮೈ ನಡುಗಿತು. ಆದರೆ ಗೂಡು ಬಿಟ್ಟು ಕದಲಲಿಲ್ಲ. ನಡುಗುತ್ತಲೇ ಒಂದೊಂದು ಸಲ ರೆಕ್ಕೆ ಬೀಸುತ್ತಿತ್ತು. ಆರಡಿಯ ಆಳು ಕಣ್ಣಲ್ಲಿ ನೀರು ತುಂಬಿಕೊಂಡು ಅರ್ಧ ನಿಮಿಷ ಎಣಿಸಿ, ದೊಡ್ಡಪ್ಪನನ್ನು ಮೇಲೆಳೆದ.

ಆಮೇಲೆ ಅವನ ಕೈ ಹುಳುವಿನ ತಟ್ಟೆಗೆ ಹೋಯಿತು. ತಟ್ಟೆಯ ತಳಕ್ಕೆ ಅಂಟಿದ್ದ ಚೂರುಪಾರನ್ನು ಎರಡು ಬೆರಳಲ್ಲಿ ಹಿಡಿದು ಏಳನೇ ತೊಟ್ಟಿಗೆ ಉದುರಿಸಿದ. “ಆಯ್ತಪ್ಪಾ, ಹೋಯ್ತು” ಎಂದ. ಮೀನು ತಿಂದಿತು. ಮೈಗೆ ಮತ್ತೆ ಕೆಂಪೇರಿತು. ಹೀಗೆ ಇಪ್ಪತ್ತು ತೊಟ್ಟಿಗೂ, ದಿನದಿನವೂ, ಮೊಟ್ಟೆ ಒಡೆಯುವವರೆಗೂ ನಡೆಯಿತು. ಹೆದರದ ಇಪ್ಪತ್ತಕ್ಕೆ ಚಿಟಿಕೆ ಇಲ್ಲ. ಹೆದರದವರಿಗೆ ಅದು ಯಾಕೆ ಬೇಕು? ನಲವತ್ತಕ್ಕೂ ಒಂದೇ ಹೊತ್ತು, ಒಂದೇ ಅಳತೆ ಎಂದು ಮೇಡಂ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ ಹಾಳೆ ಅವನ ತಲೆಯ ಮೇಲೇ ಇತ್ತು. ಆದರೆ ಚೂರುಪಾರನ್ನು ಅಳತೆ ಎನ್ನುತ್ತಾರೆಯೇ? ಹಾಗೆಂದುಕೊಂಡನೆಂದೂ ಅಲ್ಲ, ಆ ವಿಚಾರವೇ ಅವನಿಗೆ ಹೊಳೆಯಲಿಲ್ಲ.

ತಿಂಗಳುಗಳು ಕಳೆದವು. ಮರಿಗಳು ಬೆಳೆದವು, ಹೆಂಡತಿಯ ಹೊಟ್ಟೆಯೂ ಬೆಳೆಯಿತು. ಸ್ಟೇರಿಂಗು ಹೊಟ್ಟೆಗೆ ತಾಗುವಂತಾದ ಮೇಲೆ ಅವಳನ್ನು ಡಿಪೋದ ಕಚೇರಿಯಲ್ಲಿ ಕೂರಿಸಿದರು. ಅಲ್ಲಿಂದಲೇ ಎಲ್ಲ ಡ್ರೈವರುಗಳಿಗೂ ಬುದ್ಧಿ ಹೇಳುತ್ತ ಅವಳು ದಿನ ತಳ್ಳಿದಳು. ಅವನು ಮಾತ್ರ ಮರಿಗಳ ಪರೀಕ್ಷೆಯ ದಿನವನ್ನೇ ಎದುರುನೋಡುತ್ತಿದ್ದ. ಅವನಿಗೆ ಅದು ಮೀನಿನ ಪರೀಕ್ಷೆಯಾಗಿ ಉಳಿದಿರಲಿಲ್ಲ.

ಪರೀಕ್ಷೆ ಸರಳ. ಉದ್ದನೆಯ ತೊಟ್ಟಿಯ ಒಂದು ತುದಿಯಲ್ಲಿ ಗಿಡಗಳು. ಒಂದೊಂದೇ ಮರಿಯನ್ನು ಬಿಟ್ಟು ದೊಡ್ಡಪ್ಪನನ್ನು ಒಮ್ಮೆ ತೋರಿಸುವುದು. ಮರಿ ಗಿಡದ ಮರೆಗೆ ಓಡುತ್ತದೆ. ಎಷ್ಟು ಹೊತ್ತಿಗೆ ಮತ್ತೆ ಹೊರಬರುತ್ತದೆ ಎಂದು ಮೇಡಂ ಗಡಿಯಾರ ಹಿಡಿದು ಬರೆದುಕೊಳ್ಳುವುದು. ಹೆದರದ ಅಪ್ಪಂದಿರ ಮರಿಗಳು ಓಡಿದವು, ಐದಾರು ನಿಮಿಷ ಅಡಗಿ ಕೂತವು, ಬಂದವು. ಆಮೇಲೆ ಹೆದರಿದ ಅಪ್ಪಂದಿರ ಮರಿಗಳ ಸರದಿ. ಪುಕ್ಕಲ ಉಸಿರು ಬಿಗಿಹಿಡಿದು ನಿಂತ.

ಅವು ಇನ್ನೂ ಬೇಗ ಓಡಿದವು. ನೆರಳು ಬೀಳುವ ಮೊದಲೇ ಎಂಬಂತೆ ಗಿಡದೊಳಗೆ ಮಾಯ. ಆದರೆ ಒಂದು ನಿಮಿಷ ಕಳೆದಿತ್ತೋ ಇಲ್ಲವೋ, ಮೊದಲ ಮರಿ ಎಲೆಯ ಮರೆಯಿಂದ ಮೂತಿ ಹೊರಹಾಕಿತು. ಅತ್ತ ಇತ್ತ ನೋಡಿತು. ತೊಟ್ಟಿಯ ನಟ್ಟನಡುವಿಗೆ ಬಂದು, ಎಲ್ಲಿ ಊಟ ಎಂಬಂತೆ ಮೇಲಕ್ಕೆ ಮುಖ ಮಾಡಿ ನಿಂತಿತು. ಎರಡನೆಯದೂ ಹಾಗೇ. ಹತ್ತನೆಯದೂ ಹಾಗೇ.

ಮೇಡಂ ಕಿವಿಯ ಹಿಂದಿನ ಪೆನ್ಸಿಲ್ ತೆಗೆದರು, ಮತ್ತೆ ಸಿಕ್ಕಿಸಿದರು. “ಇದೇನ್ರೀ ಇದು, ತಲೆಕೆಳಗಾಗಿದೆ! ದೊಡ್ಡಪ್ಪನ್ನ ದಿನಾ ಇಳಿಸಿದ್ರಲ್ಲಾ?”

“ಒಂದು ದಿನಾನೂ ತಪ್ಪಿಸಿಲ್ಲ ಮೇಡಂ.”

“ಹಾಗಾದ್ರೆ ನಾನೇ ಎಲ್ಲೋ ತೊಟ್ಟಿಗಳ ಚೀಟಿ ಅದಲುಬದಲು ಮಾಡಿ ಅಂಟಿಸಿದೀನಿ. ನನ್ನದೇ ತಪ್ಪು. ಇದನ್ನೆಲ್ಲ ಕಸದಬುಟ್ಟಿಗೆ ಹಾಕಿ ಮೊದಲಿಂದ ಶುರುಮಾಡ್ಬೇಕು.” ಅವರ ಮುಖ ಸಣ್ಣದಾಗಿತ್ತು. ಆ ಮುಖ ನೋಡುತ್ತಿದ್ದಾಗಲೇ ಪುಕ್ಕಲನಿಗೆ ತನ್ನ ಚಿಟಿಕೆಯ ನೆನಪು ಬಂತು. ತಲೆಯ ಮೇಲಿದ್ದ ದಪ್ಪಕ್ಷರದ ಹಾಳೆಯೂ ಆಗಲೇ ಮೊದಲ ಬಾರಿಗೆ ಕಂಡಿತು. ಬಕೆಟ್ ಎತ್ತಿಕೊಂಡು ಹೊರಗೆ ಹೋದ.

ಸಂಜೆ ಊಟದ ಮೇಜಿನ ಮುಂದೆ ಎಲ್ಲವನ್ನೂ ಹೇಳಿಕೊಂಡ. “ನಾನು ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ. ಮಗು ಬೇರೆ ಬರ್ತಿದೆ.”

ಹೆಂಡತಿ ಅವನ ಕಿವಿಯ ಹತ್ತಿಯನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲಿಟ್ಟಳು. “ಈಗ ಕೇಳಿಸುತ್ತಾ? ಹೆದರ್ಕೊಂಡೇ ಹೋಗಿ. ಹೆದರಿಕೆ ಹೋದ ಮೇಲೆ ಹೇಳ್ತೀನಿ ಅಂದ್ರೆ ಮಗು ಕಾಲೇಜಿಗೆ ಬಂದಿರುತ್ತೆ.”

ಮರುದಿನ ಬೆಳಗ್ಗೆ ಅವನು ಮೇಡಂ ಕೋಣೆಯ ಬಾಗಿಲಲ್ಲಿ ನಿಂತ. ಏಳನೇ ತೊಟ್ಟಿಯ ಮೀನು ನೆನಪಾಯಿತು. ನಡುಗುತ್ತಲೇ ಹೇಳಿಬಿಟ್ಟ. “ಚೀಟಿ ಸರಿಯಾಗಿದೆ ಮೇಡಂ. ತಪ್ಪು ನಂದು. ದೊಡ್ಡಪ್ಪನ್ನ ತೆಗೆದ ಮೇಲೆ ಒಂದೊಂದು ಚಿಟಿಕೆ ಹುಳು ಹಾಕ್ತಿದ್ದೆ. ಹೆದರಿದವಕ್ಕೆ ಮಾತ್ರ.”

ಮೇಡಂ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದರು.

“ದಿನಾನಾ?”

“ದಿನಾ.”

“ಯಾಕ್ರೀ?”

“ಗೊತ್ತಿಲ್ಲ ಮೇಡಂ. ಕೈ ತಾನಾಗೇ ಹೋಯ್ತು.” ಹೇಗೆ ಹೋಯಿತೆಂದು ತೋರಿಸಲು ಅವನು ಕೈಯೆತ್ತಿದ. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಅಂಟಿದ್ದವು. ಅವನು ಆ ಬೆರಳುಗಳನ್ನೇ ನೋಡುತ್ತ ನಿಂತುಬಿಟ್ಟ. ಅದು ಅವನ ಕೈಯಾಗಿರಲಿಲ್ಲ. ಅಂಗಿಯ ಜೇಬಿನಿಂದ ಪೊಟ್ಟಣ ತೆಗೆಯುತ್ತಿದ್ದ ಅಪ್ಪನ ಕೈ. ‘ಆಯ್ತು, ಹೋಯ್ತು’ ಎಂಬ ಅಪ್ಪನ ಮಾತನ್ನೂ ತಾನು ಮೀನುಗಳಿಗೆ ದಿನವೂ ಹೇಳುತ್ತಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು. ಇಷ್ಟು ವರ್ಷ ಅಪ್ಪನಿಂದ ಬೆಚ್ಚುವುದೊಂದೇ ಬಂತು ಎಂದುಕೊಂಡಿದ್ದ. ಅದರ ಬೆನ್ನಿಗೇ ಇದೂ ಬಂದಿತ್ತು. ಅವನು ಮೇಡಂ ಎದುರಲ್ಲೇ ಅತ್ತ, ನಾಚಿಕೆಯಿಲ್ಲದೆ, ಮೀಸೆ ತೊಯ್ಯುವಷ್ಟು. ಅಳುತ್ತಲೇ ಅಪ್ಪನ ಅಲಾರಂ ಕಥೆಯನ್ನೂ ಹೇಳಿದ.

ಮೇಡಂ ಕೇಳಿದರು. ಆಮೇಲೆ ನಕ್ಕರು. ಮೂರು ಕೋಣೆಗೆ ಕೇಳುವ ಆ ನಗುವಿಗೆ ಪುಕ್ಕಲ ಬೆಚ್ಚಿದ, ನಲವತ್ತು ತೊಟ್ಟಿಯ ಮೀನುಗಳೂ ಬೆಚ್ಚಿದವು.

“ನನ್ನ ಆರು ತಿಂಗಳನ್ನ ನೀರಿಗೆ ಹಾಕಿಬಿಟ್ರಲ್ರೀ! ನಿಜವಾಗ್ಲೂ ನೀರಿಗೇ!” ಎಂದು ಪೆನ್ಸಿಲ್ ಕಿತ್ತು ಹಾಳೆಯ ಮೇಲೆ ಗೆರೆ ಎಳೆಯತೊಡಗಿದರು. “ನಾನು ಕೇಳಿದ ಪ್ರಶ್ನೆ ಒಂದು, ನೀವು ಮಾಡಿದ ಪ್ರಯೋಗ ಇನ್ನೊಂದು. ಹೆದರಿದ ಅಪ್ಪ ಒಂದು ಸಾಲು. ಹೆದರದ ಅಪ್ಪ ಒಂದು ಸಾಲು. ಹೆದರಿ ಆಮೇಲೆ ಸಮಾಧಾನ ಆದ ಅಪ್ಪ ಇನ್ನೊಂದು ಸಾಲು! ಇದು ನನ್ನ ತಲೆಗೆ ಯಾಕೆ ಬರಲಿಲ್ಲ? ಒಂದು ಸಲ ಆದದ್ದನ್ನ ನಾನು ನಂಬಲ್ಲ, ಬರೀ ಊಟದ ಮಹಿಮೆನೂ ಇರಬಹುದು. ಹೆದರಿಸದೆ ಚಿಟಿಕೆ ಹಾಕಿದ ಸಾಲೂ ಒಂದು ಬೇಕು. ಎಲ್ಲಾ ಮತ್ತೆ ಮಾಡ್ಬೇಕು, ಸರಿಯಾಗಿ ಮಾಡ್ಬೇಕು.”

“ಕೆಲಸದಿಂದ ತೆಗೀತೀರಾ ಮೇಡಂ?”

“ತೆಗೆದ್ರೆ ಈ ನಾಲ್ಕು ಸಾಲಿನ ಎಂಬತ್ತು ತೊಟ್ಟಿ ಯಾರು ಉಜ್ಜೋದು? ಆದ್ರೆ ಬರೀ ಹೆದರಿಸೋ ಸಾಲನ್ನ ನಾನೇ ಮಾಡ್ತೀನಿ. ನಿಮ್ಮ ಕೈನ ನಂಬೋ ಹಾಗಿಲ್ಲ.”

ಅವನು ಮೀಸೆ ಒರೆಸಿಕೊಂಡು, ಇಷ್ಟು ತಿಂಗಳಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟ. “ಮನುಷ್ಯರಿಗೂ ಹೀಗೇನಾ ಮೇಡಂ?”

“ಮನುಷ್ಯರ ವಿಷಯ ನನ್ನ ಕೇಳಬೇಡಿ, ನಂದು ಮೀನು. ನಿಮ್ಮನೇಲಿ ನೋಡಿ ಬಂದು ನೀವೇ ಹೇಳಿ.”

ಹನ್ನೆರಡು ದಿನದ ನಂತರ, ಬಿಸಿಲು ಕಿಟಕಿಯಿಂದ ನೇರ ಮಂಚಕ್ಕೆ ಬೀಳುತ್ತಿದ್ದ ಆಸ್ಪತ್ರೆಯ ಕೋಣೆಯಲ್ಲಿ ಮಗಳು ಹುಟ್ಟಿದಳು. ಕೋಣೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಪುಕ್ಕಲ ಮೆಟ್ಟಿಲು ಹತ್ತಿಯೇ ಬಂದ, ಈ ಕಥೆಯಲ್ಲಿ ಅವನು ಲಿಫ್ಟ್ ಹತ್ತುತ್ತಾನೆಂದು ಯಾರೂ ಕಾಯುವುದು ಬೇಡ. ಅಜ್ಜಿಯಾದ ಖುಷಿಯಲ್ಲಿ ಅವನ ತಾಯಿ, ಮೂಗು ಯಾರದು ಹಣೆ ಯಾರದು ಎಂದು ಪಾಲು ಹಂಚುತ್ತಿದ್ದರು. ಅವನು ಮಗಳನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತ. ಒಂದು ಅಂಗೈಗೆ ತಲೆ, ಇನ್ನೊಂದು ಅಂಗೈಗೆ ಉಳಿದದ್ದೆಲ್ಲ.

ಅಷ್ಟರಲ್ಲಿ ಬಾಗಿಲ ಹತ್ತಿರ ನರ್ಸಿನ ಕೈಯಿಂದ ಸ್ಟೀಲ್ ತಟ್ಟೆ ಜಾರಿತು. ಕತ್ತರಿ, ಬಟ್ಟಲು, ಮುಚ್ಚಳ ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದು, ಮುಚ್ಚಳ ಮಾತ್ರ ಗಿರಗಿರ ತಿರುಗುತ್ತ ಕೋಣೆಯ ಈ ತುದಿಯವರೆಗೆ ಬಂತು.

ಮಗು ಬೆಚ್ಚಿತು. ಎರಡೂ ಕೈ ಅಗಲಿಸಿ, ಹತ್ತೂ ಬೆರಳು ಬಿಡಿಸಿ, ಮುಖವೆಲ್ಲ ಬಾಯಾಗಿ ಅರಚಿತು. ಅವನು ಅದನ್ನು ಎದೆಗೆ ಒತ್ತಿಕೊಂಡ. ಸಕ್ಕರೆ ಕೊಡುವ ವಯಸ್ಸಲ್ಲ ಎಂದು ಗೊತ್ತಿತ್ತು, ಆದರೂ ಕೈ ತಾನಾಗೇ ಹೋಯಿತು. ಹೆಬ್ಬೆರಳು ತೋರುಬೆರಳು ಸೇರಿಸಿ, ಖಾಲಿ ಚಿಟಿಕೆಯಿಂದ ಮಗಳ ತುಟಿಯನ್ನು ಹಗುರವಾಗಿ ಮುಟ್ಟಿದ. “ಆಯ್ತು ಮಗಾ, ಹೋಯ್ತು” ಎಂದ.

ಅಳು ಅರ್ಧಕ್ಕೆ ನಿಂತಿತು. ಮಗು ಬಿಕ್ಕುತ್ತ ಒಂದು ಕಣ್ಣು ತೆರೆಯಿತು. ಆಮೇಲೆ ಇನ್ನೊಂದು. ಮುಚ್ಚಳ ಉರುಳಿಬಂದ ಕಡೆಗೆ ಕತ್ತು ಹೊರಳಿಸಿ, ಎಲೆಯ ಮರೆಯಿಂದ ಇಣುಕಿದ ಮರಿಯ ಹಾಗೆ ನೋಡಿತು.

ಅವನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಎರಡು ಬೆರಳುಗಳನ್ನೇ ನೋಡುತ್ತಿದ್ದರು. “ಅವರೇ ಕಣೋ” ಎಂದರು. “ಥೇಟ್ ಅವರೇ.”

ಅವನು ಹೆಂಡತಿಯ ಕಡೆ ತಿರುಗಿದ. ಅವನಿಗೆ ಒಂದು ಸಂಶಯ ಬಂದಿತ್ತು. “ತಟ್ಟೆ ಬಿದ್ದಾಗ ನಾನು ಬೆಚ್ಚಿದ್ನೇನೇ? ನಂಗೆ ನೆನಪೇ ಇಲ್ಲ.”

“ಬೆಚ್ಚಿದ್ರಾ ಅಂತ ಬೇರೆ ಕೇಳ್ತೀರಾ! ಇಬ್ರೂ ಒಟ್ಟಿಗೇ ಹಾರಿದ್ರಿ, ಒಂದೇ ಎತ್ತರ” ಎಂದು ಅವಳು ದಿಂಬಿಗೆ ಒರಗಿ ನಕ್ಕಳು. “ಕೊಡಿ ಇಲ್ಲಿ ನನ್ನ ಮಗಳನ್ನ.”

“ತಾಳು, ಇನ್ನೊಂದು ನಿಮಿಷ” ಎಂದ ಪುಕ್ಕಲ. ಮಗಳು ಇನ್ನೂ ಮುಚ್ಚಳದ ಕಡೆಗೇ ಮುಖ ಮಾಡಿದ್ದಳು. ಅವನು ಅವಳನ್ನು ಎತ್ತಿಕೊಂಡೇ ಬಗ್ಗಿ, ಅವಳನ್ನು ಬೆಚ್ಚಿಸಿದ ಆ ಮುಚ್ಚಳವನ್ನು ನೆಲದಿಂದ ತೆಗೆದು, ಹತ್ತಿರ ಹಿಡಿದು ತೋರಿಸಿದ.